ನಗು ತರಿಸುವ ಮೊದಲ ನಡೆ

1980, ಸ್ವೀಡನ್‌ನ ಸ್ಕಾರಾ, ಯುರೋಪಿಯನ್ ತಂಡಗಳ ಚಾಂಪಿಯನ್‌ಷಿಪ್. ವಿಶ್ವ ಚಾಂಪಿಯನ್ ಕಾರ್ಪೋವ್ ಇ4 ಆಡಿದ್ರು. ಇಂಗ್ಲೆಂಡಿನ ಟೋನಿ ಮೈಲ್ಸ್ ಉತ್ತರ? ಎ6! ಅಂಚಿನ ಕಾಲಾಳು, ಅದೂ ಒಂದೇ ಮನೆ. ನೋಡ್ತಿದ್ದವರು ನಕ್ಕರು. ಗೆದ್ದದ್ದು ಮಾತ್ರ ಮೈಲ್ಸ್.

ದೀಪಾವಳಿಗೆ ಗಂಗಾವತಿಗೆ ಹೋದಾಗ ಇದನ್ನೇ ಸೋದರಮಾವನ ಮೇಲೆ ಪ್ರಯೋಗಿಸಿದೆ. "ಏನಲೇ, ಗದ್ದಿ ಬಿಟ್ಟು ಬದುವಿಗೆ ನೀರು ಹಾಯಿಸಿದಂಗಾತು!" ಅಂದ್ರು. ಆದ್ರೆ ಸರಸರ ಆಡುವ ಮನುಷ್ಯ ಮೂರನೇ ನಡೆಗೇ ಗಲ್ಲ ಕೆರೆಯತೊಡಗಿದ್ರು. ಅಷ್ಟರಲ್ಲಿ ನಾನು ಬಿ5 ಆಡಿ, ಒಂಟೆಯನ್ನ ಬಿ7ರಲ್ಲಿ ಕೂರಿಸಿದ್ದೆ. ಅಲ್ಲಿಂದ ಅದು ಇ4ರ ಕಾಲಾಳನ್ನೇ ದಿಟ್ಟಿಸುತ್ತೆ. ನಗು ತರಿಸಿದ ಆ ಎ6 ಇರೋದೇ ಬಿ5ಕ್ಕೆ ಕಾವಲಾಗಿ.

ಎಂಜಿನ್‌ಗೆ ಕೇಳಿದ್ರೆ ಬಿಳಿಗೇ ಮೇಲುಗೈ ಅನ್ನುತ್ತೆ, ಸುಳ್ಳಲ್ಲ. ಆದ್ರೆ ಮೊಬೈಲಿನ ಮೂರು ನಿಮಿಷದ ಆಟದಲ್ಲಿ ಎದುರಾಳಿ ಬಾಯಿಪಾಠ ಬಿಟ್ಟು ಸ್ವಂತ ತಲೆ ಓಡಿಸಬೇಕಾಗುತ್ತಲ್ಲ, ನಮಗೆ ಅಷ್ಟು ಸಾಕು. ಹೊಸಬರು ಮಾತ್ರ ಮೊದಲು ಪಟದ ನಡುವನ್ನು ಹಿಡಿಯೋದು ಕಲೀರಿ. ಮೈಲ್ಸ್ ಕೂಡ ಎ6 ಒಂದರಿಂದಲೇ ಗೆಲ್ಲಲಿಲ್ಲ, ಆಮೇಲೆ ಕಾರ್ಪೋವ್‌ಗಿಂತ ಚೆನ್ನಾಗಿ ಆಡಬೇಕಾಯ್ತು.

ಒಬ್ಬರ ಮೇಲೆ ಇದು ಒಂದೇ ಸಲ ನಡೆಯೋದು. ಸಂಕ್ರಾಂತಿ ಹೊತ್ತಿಗೆ ಮಾವ ಯೂಟ್ಯೂಬ್ ನೋಡಿ ತಯಾರಾಗಿದ್ರು.