ಬೆಲೆ ನಿಂತಿದೆ, ತೂಕ ಕರಗಿದೆ

ಅಂಗಡಿಯವನು ತಕ್ಕಡಿಯಲ್ಲಿ ಹತ್ತು ಗ್ರಾಂ ಕಡಿಮೆ ತೂಗಿದರೆ ತೂಕ-ಅಳತೆ ಇಲಾಖೆ ದಂಡ ಹಾಕುತ್ತದೆ. ಅದು ಸರಿಯೇ. ಆದರೆ 5 ರೂಪಾಯಿಯ ಬಿಸ್ಕತ್ತಿನ ಪೊಟ್ಟಣವನ್ನು ಕಂಪನಿಯವರು ಮೆಲ್ಲಮೆಲ್ಲನೆ ಸಣ್ಣದು ಮಾಡಿದರೆ ಅದು ಕಳವಲ್ಲ! ಹೊಸ ತೂಕವನ್ನು ಅಚ್ಚು ಹಾಕಿದರೆ ಸಾಕು. ತುಟ್ಟಿಭತ್ಯೆಯಾಗಿ ಕೈಗೆ ಬಂದದ್ದು ಹೀಗೆ ಸದ್ದಿಲ್ಲದೆ ಸೋರಿಹೋಗುತ್ತದೆ.

ಚಹಾಪುಡಿ, ಸಾಬೂನು, ಬಿಸ್ಕತ್ತು ಮೊದಲಾದವನ್ನು ಗೊತ್ತುಪಡಿಸಿದ ತೂಕಗಳಲ್ಲೇ ಕಟ್ಟಬೇಕೆಂಬ ನಿಯಮವಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಬದಲಿಗೆ, ಕಿಲೋಗಿಂತ ಕಡಿಮೆ ತೂಕದ ಪೊಟ್ಟಣದ ಮೇಲೆ ಒಂದು ಗ್ರಾಮಿನ ದರ ಬರೆಯಬೇಕೆಂದಿತು. ಗ್ರಾಮಿಗೆಷ್ಟು ಪೈಸೆಯೆಂದು ಕೇಳಿ ಚಹಾಪುಡಿ ಕೊಳ್ಳುವ ತಾಯಿ ಯಾವ ಊರಿನಲ್ಲಿದ್ದಾಳೆ?

ಇನ್ನು 'ಗರಿಷ್ಠ ಚಿಲ್ಲರೆ ಬೆಲೆ'. ಅದನ್ನು ಮೀರಿ ಮಾರಿದ ಅಂಗಡಿಯವನಿಗೆ ಶಿಕ್ಷೆಯುಂಟು. ಆದರೆ ಔಷಧಿಯಂಥ ಕೆಲವು ಸರಕು ಬಿಟ್ಟರೆ, ಎಷ್ಟು ಬರೆಯಬೇಕೆಂಬುದು ಕಂಪನಿಯ ಇಚ್ಛೆ. ನೂರರ ಮಾಲಿಗೆ ಇನ್ನೂರು ಬರೆದು, ದೊಡ್ಡ ಮಳಿಗೆಗಳಲ್ಲಿ 'ಅರ್ಧ ಬೆಲೆ'ಯೆಂದು ಡಂಗುರ ಸಾರಬಹುದು. ಬರೆದ ಬೆಲೆಗೇ ಮಾರಿದ ಮೂಲೆಯಂಗಡಿಯವನು ಸುಲಿಗೆಕೋರನೆನಿಸಿಕೊಳ್ಳುತ್ತಾನೆ.

ಗಿರಣಿಯ ಬಂಧುಗಳೇ, ವರ್ತಕ ಮಿತ್ರರೇ, ಗಲ್ಲಾಪೆಟ್ಟಿಗೆಯ ಆಚೀಚೆ ನಿಂತು ಜಗಳವಾಡಬೇಡಿ. ಬೆಲೆ ಬರೆದ ಕೈ ಬೇರೆಯೇ ಇದೆ. ಕಾರ್ಖಾನೆಯ ಮಾಲು ಅಸಲಿನ ಒಂದೂವರೆ ಪಟ್ಟು ಮೀರಕೂಡದೆಂದು ಲೋಹಿಯಾ ಹೇಳಿದ್ದರು. ಅಸಲನ್ನೇ ಮುಚ್ಚಿಟ್ಟರೆ ಲೆಕ್ಕ ಕೇಳುವುದು ಹೇಗೆ? ಆದ್ದರಿಂದ ಪೊಟ್ಟಣದ ಮೇಲೆ ಅಸಲು ಅಚ್ಚಾಗಲಿ. ನೂರು ಗ್ರಾಮಿನ ದರ ದಪ್ಪಕ್ಷರದಲ್ಲಿರಲಿ. ತೂಕ ಇಳಿಸಿದವರು ಹಳೆಯ ತೂಕವನ್ನೂ ಪಕ್ಕದಲ್ಲೇ ಬರೆಯಲಿ. ಇದು ಭಿಕ್ಷೆಯಲ್ಲ, ಕಾಸು ಕೊಟ್ಟವರ ಹಕ್ಕು. ಒಟ್ಟಾಗಿ ಕೇಳೋಣ!