ಒನಕೆ ಬೇಕು, ಕೇರಿ ಬ್ಯಾಡೇನು?

ರಾಣಿ ಕತ್ತಿ ಹಿಡಿದರೆ ಇಡೀ ಸಿನಿಮಾ. ಹೊಲಗೇರಿಯ ಹೆಣ್ಣುಮಗಳು ಒನಕೆ ಹಿಡಿದರೆ ಒಂದೇ ಹಾಡು!

1961ರಲ್ಲೇ ಕಿತ್ತೂರು ಚೆನ್ನಮ್ಮನ ಚಿತ್ರ ಬಂತು. ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ಬಡಿದು ಕೆಡವಿದ ಚಿತ್ರದುರ್ಗದ ಓಬವ್ವ, 1972ರ ‘ನಾಗರಹಾವು’ ಚಿತ್ರದಲ್ಲಿ ಒಂದು ಹಾಡಿಗೆ ಬಂದು ಹೋದಳು. ಆಕೆಯ ಹೆಸರಿನದೇ ಚಿತ್ರ ಬರಲು 2019 ಆಗಬೇಕಾಯಿತು.

ಚಪ್ಪಾಳೆ ತಟ್ಟಿದವರೇ, ಆಕೆ ಯಾವ ಕೇರಿಯವಳು ಅಂತ ಕೇಳಿದಿರಾ? ನಾಡಿನ ಹೆಮ್ಮೆ ಎಂದು ಮೆರೆಸುವವರ ಬಾಯಲ್ಲಿ ‘ಛಲವಾದಿ ಹೆಂಗಸು’ ಎಂಬ ಮಾತು ಸಿಕ್ಕಿಕೊಳ್ಳುತ್ತದೆ. ಕೋಟೆ ಕಾಯಲಿಕ್ಕೆ ನಮ್ಮ ಕೈ ಬೇಕು, ಕತೆಯೊಳಗೆ ನಮ್ಮ ಕುಲ ಬ್ಯಾಡ!

ಅಮೆರಿಕದ ಕರಿಯರ ಪಾಡೂ ಇದೇ. 1945ರಲ್ಲಿ ಅವರ ಸೈನ್ಯದ 6888ನೇ ದಳದ ಕರಿಯ ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ ರಾಶಿ ಬಿದ್ದಿದ್ದ ಸೈನಿಕರ ಕಾಗದಗಳನ್ನು ಆರು ತಿಂಗಳ ಬದಲು ಮೂರೇ ತಿಂಗಳಲ್ಲಿ ವಿಂಗಡಿಸಿದರು. ಆದರೂ ಅವರ ಬಿಡಾರ ಬೇರೆ, ಊಟ ಬೇರೆ. 2024ರ ಚಿತ್ರ ಅವರ ದುಡಿಮೆಯ ಜೊತೆಗೆ ಅವರುಂಡ ಅವಮಾನವನ್ನೂ ತೋರಿಸಿತು. ಅವಮಾನ ಮುಚ್ಚಿ ಬರೀ ಶೌರ್ಯ ತೋರಿಸಿದರೆ ಅದು ಇತಿಹಾಸವಲ್ಲ, ಮೆರವಣಿಗೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಾಸ್ತರರೇ, ಗೆಳೆಯರೇ, ದುರ್ಗ ದೂರ ಅನ್ನಬ್ಯಾಡ್ರಿ. 2021ರಿಂದ ಸರಕಾರವೇ ನವೆಂಬರ್ 11ಕ್ಕೆ ಓಬವ್ವ ಜಯಂತಿ ಮಾಡುತ್ತಿದೆ. ಪಟಕ್ಕೆ ಹಾರ ಹಾಕಿ ಕೈತೊಳಕೋಬ್ಯಾಡ್ರಿ. ಕೇರಿಗೆ ಹೋಗ್ರಿ, ಮುದುಕಿಯರ ಬಾಯಿಂದ ಬರಕೊಳ್ರಿ. ಕ್ಯಾಮೆರಾ ನಮ್ಮ ಮಕ್ಕಳ ಕೈಗೆ ಬರಲಿ.

ಉಣ್ಣಲು ಕುಂತ ಗಂಡನಿಗೆ ನೀರು ತರಲು ಓಬವ್ವ ಹೊರಗೆ ಹೋದಳು ಎನ್ನುತ್ತದೆ ಕತೆ. ಊರ ಬಾವಿ ಆಕೆಗೆ ತೆರೆದಿತ್ತೇನು? ನಮ್ಮ ಚಿತ್ರ ಅಲ್ಲಿಂದ ಸುರುವಾಗಲಿ.