ಗೋಗಿಯ ಅದಿರು ಮತ್ತು ಉಳಿಯುವ ಕೆಸರು

ಪರಮಾಣು ತ್ಯಾಜ್ಯದ ಪ್ರಶ್ನೆ ಎದ್ದಾಗ ಕನ್ನಡಿಗರಿಗೆ ನೆನಪಾಗುವುದು ಕೈಗಾ ಸ್ಥಾವರ, ಇಲ್ಲವೇ ಬಳಸಿದ ಇಂಧನವನ್ನು ಕೋಲಾರದ ಹಳೆಯ ಚಿನ್ನದ ಗಣಿಗಳಲ್ಲಿ ಹೂಳಲಾಗುವುದೆಂಬ ಸುದ್ದಿಗೆ 2012ರಲ್ಲಿ ಅಲ್ಲಿನ ಜನ ತೋರಿದ ಪ್ರತಿರೋಧ. ಆದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಪತ್ತೆಯಾದ ಯುರೇನಿಯಂ ನಿಕ್ಷೇಪವು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಜನರೂ ಈ ಪ್ರಶ್ನೆಯನ್ನು ಕೇಳುವಂತೆ ಮಾಡಬೇಕು. ಏಕೆಂದರೆ ಈ ಊರುಗಳ ಸಿಮೆಂಟ್ ಕಾರ್ಖಾನೆಗಳಿಗೂ ಪರ್ಸಿ (ಹಾಸುಗಲ್ಲು) ಗಣಿಗಳಿಗೂ ಕಲ್ಲು ಕೊಟ್ಟಿರುವ ಭೀಮಾ ಶಿಲಾಸಮೂಹದ ಸುಣ್ಣದಕಲ್ಲು ಮತ್ತು ಅದರಡಿಯ ಗ್ರಾನೈಟ್‌ನಲ್ಲಿಯೇ ಆ ಅದಿರೂ ಇದೆ. ಗೋಗಿಯ ನೀರು ಮೇಲ್ದಂಡೆಯ ಈ ಊರುಗಳಿಗೆ ಹರಿದು ಬಾರದು, ನಿಜ; ಯುರೇನಿಯಂ ಅನ್ವೇಷಣೆ ಮಾತ್ರ ಶಿಲೆಯನ್ನು ಅನುಸರಿಸುತ್ತದೆಯೇ ಹೊರತು ತಾಲ್ಲೂಕಿನ ಗಡಿಯನ್ನಲ್ಲ.

ಸ್ಥಾವರದ ಇಂಧನವನ್ನು ಮರುಸಂಸ್ಕರಿಸಿದಾಗ ಉಳಿಯುವ ತೀವ್ರ ವಿಕಿರಣದ ತ್ಯಾಜ್ಯವನ್ನು ಭಾರತವು ಗಾಜಿನೊಳಗೆ ಬೆರೆಸಿ, ಉಕ್ಕಿನ ಡಬ್ಬಿಗಳಲ್ಲಿ ಮುಚ್ಚಿ, ಕಾವಲಿನಲ್ಲಿಡುತ್ತದೆ. ಅದರ ಗಾತ್ರ ಚಿಕ್ಕದು. ಗಾತ್ರದಲ್ಲಿ ದೊಡ್ಡದು ಗಣಿಯ ಬಾಯಲ್ಲೇ ಹುಟ್ಟುವ ತ್ಯಾಜ್ಯ. ಒಂದು ಟನ್ ಅದಿರಿನಲ್ಲಿ ಒಂದೆರಡು ಕಿಲೋಗ್ರಾಂ ಯುರೇನಿಯಂ ಇದ್ದರೆ, ಅದನ್ನು ತೆಗೆದ ಮೇಲೆ ಉಳಿದದ್ದೆಲ್ಲ ನುಣ್ಣನೆಯ ಕೆಸರಾಗಿ ಕಟ್ಟೆ ಕಟ್ಟಿದ ಕೊಳವನ್ನು ಸೇರುತ್ತದೆ, ಮತ್ತು ಅದಿರಿನ ಮೂಲ ವಿಕಿರಣದ ಸುಮಾರು ಶೇ 85ರಷ್ಟು ಆ ಕೆಸರಿನಲ್ಲೇ ಇರುತ್ತದೆ. ಅದರಲ್ಲಿರುವ ರೇಡಿಯಂ–226ರ ಅರ್ಧಾಯುಷ್ಯ, ಎಂದರೆ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಆ ರೇಡಿಯಂ ಹುಟ್ಟುವ ಥೋರಿಯಂ–230ರದ್ದು ಸುಮಾರು 75,000 ವರ್ಷ. ಗಣಿಯ ಆಯುಷ್ಯವಾದರೋ ಕೆಲವೇ ದಶಕಗಳದ್ದು.

ಸುಣ್ಣದಕಲ್ಲಿನ ಸೀಳುಗಳಲ್ಲಿ ನೀರು ಬೇಗ ಹರಿಯುತ್ತದೆ ಎಂಬುದನ್ನು ಪರ್ಸಿ ಗಣಿಯಲ್ಲಿ ದುಡಿದವರಿಗೆ ಯಾವ ತಜ್ಞನೂ ಹೇಳಿಕೊಡಬೇಕಿಲ್ಲ. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಕೆಸರುಕೊಳದ ಸುತ್ತಲಿನ ರೈತರು ಬಾವಿಯ ನೀರು ಕೆಟ್ಟಿತೆಂದು ದೂರಿದಾಗ ವಾದ ನಿಂತದ್ದು ಆ ಕೊಳದ ತಳದಿಂದ ನೀರು ಇಂಗುತ್ತಿದೆಯೇ ಎಂಬುದರ ಮೇಲೆ. ಗಣಿಗೆ ಮುಂಚಿನ ನೀರಿನ ಲೆಕ್ಕ ಊರಿನವರ ಕೈಯಲ್ಲೇ ಇಲ್ಲದಿದ್ದರೆ ಇಂಥ ವಾದ ತೀರುವುದಿಲ್ಲ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾವನ್ನೂ ಕಾಗಿಣಾ ಭೀಮೆಯನ್ನೂ ಸೇರುವ ಈ ಸೀಮೆಯಲ್ಲಿ ಕುಡಿಯುವ ನೀರಿಗೆ ಜನ ನೆಚ್ಚಿರುವುದು ಈ ಹೊಳೆಗಳನ್ನು ಮತ್ತು ಕೊಳವೆಬಾವಿಗಳನ್ನು.

ಆದ್ದರಿಂದ ಎಷ್ಟು ಜನರಿಗೆ ನೌಕರಿ ಸಿಕ್ಕೀತೆಂಬ ಮಾತಿಗೆ ಮೊದಲು ಕೆಸರು ಎಲ್ಲಿ, ಯಾವ ತಳದ ಮೇಲೆ, ಯಾರ ಹಣದಲ್ಲಿ, ಗಣಿ ಮುಚ್ಚಿದ ಮೇಲೂ ಯಾರ ಕಾವಲಿನಲ್ಲಿ ಇರುತ್ತದೆಂಬುದನ್ನು ಸರ್ಕಾರ ಕನ್ನಡದಲ್ಲಿ, ಗ್ರಾಮಸಭೆಗಳ ಮುಂದೆ, ಬರೆದುಕೊಡಬೇಕು. ಬಾವಿಗಳ ನೀರಿನ ಪರೀಕ್ಷೆಯನ್ನು ಗಣಿಗಾರಿಕೆಗೆ ಮೊದಲೇ ಮಾಡಿಸಿ, ಅದರ ಪ್ರತಿಯನ್ನು ಪಂಚಾಯಿತಿಗಳಿಗೆ ಒಪ್ಪಿಸಬೇಕು.